ಚನ್ನಬಸವ್ವ ಹೇಳಿದ ವಯಸ್ಸು

ಹೆಣ್ಣು ನೋಡಲು ಬಂದವರು ಹೆಣ್ಣು ನೋಡಲು ಬಂದಿದ್ದೇವೆಂದು ಬಾಗಿಲಲ್ಲಿ ನಿಂತು ಹೇಳುವುದಿಲ್ಲ. ವಿಜಾಪುರ ಜಿಲ್ಲೆಯ ಇಂಡಿಯ ಕಡೆಯ ಹಳ್ಳಿಗಳಲ್ಲಿ ಅದು ಹಿಂದಿನಿಂದ ನಡೆದು ಬಂದ ರೀತಿ. ದೊಡ್ಡವರು ಬರುವ ಮೊದಲು ಒಬ್ಬ ಗುಟ್ಟಾಗಿ ಬರುತ್ತಾನೆ. ಎತ್ತು ಮಾರುವುದಿದೆಯಂತಲ್ಲ ಎನ್ನುತ್ತಾನೆ, ಬಿತ್ತನೆಯ ಜೋಳ ಸಿಕ್ಕೀತೇ ಎನ್ನುತ್ತಾನೆ, ಏನೂ ಹೊಳೆಯದಿದ್ದರೆ ಒಂದು ತಂಬಿಗೆ ನೀರು ಕೊಡ್ರೆವ್ವಾ ಎಂದು ಕಟ್ಟೆಯ ಮೇಲೆ ಕೂತುಬಿಡುತ್ತಾನೆ. ನೀರು ಗಂಟಲಿಗೆ ಇಳಿಯುವಷ್ಟರಲ್ಲಿ ಅವನ ಕಣ್ಣು ಅಡುಗೆಮನೆಯ ತನಕ ಹೋಗಿ ಬಂದಿರುತ್ತದೆ. ಬಂದವನು ಯಾಕೆ ಬಂದನೆಂದು ಮನೆಯವರಿಗೆ ಗೊತ್ತು, ಅವರಿಗೆ ಗೊತ್ತಾಗಿದೆಯೆಂದು ಅವನಿಗೂ ಗೊತ್ತು. ಆದರೂ ಮಾತೆಲ್ಲ ಎತ್ತಿನದೇ.

ಚನ್ನಬಸವ್ವನನ್ನು ಕೇಳಲು ಬಂದವನು ನಿಂಬೆಯ ಸಸಿ ಕೇಳಿಕೊಂಡು ಬಂದಿದ್ದ. ಅವಳ ತಾಯಿ ಅವನಿಗೆ ಮಜ್ಜಿಗೆ ಕೊಟ್ಟು, ಹದಿನೆಂಟು ತುಂಬಿದ ಮಗಳಿಗೆ ಹದಿನಾರು ಎಂದು ಹೇಳಿ ಕಳಿಸಿದ್ದಳು. "ಅಂವಗ ಸಸಿ ಬೇಕಿರ್ಲಿಲ್ಲ, ನಮ್ಮ ಹಿತ್ತಲದಾಗ ಸಸಿ ಇರ್ಲೂ ಇಲ್ಲ. ಆದ್ರೂ ನಮ್ಮವ್ವ ಅವ್ನ ಜೋಡಿ ರೇಟ್ ಜಗಳಾಡಿದ್ಳು" ಎಂದು ಚನ್ನಬಸವ್ವ ಈಗಲೂ ನಗುತ್ತಿದ್ದಳು. ಆ ಸಸಿಯ ಮಾತಿನಿಂದಲೇ ಅವಳು ಗೂಳಪ್ಪ ಬಿರಾದಾರನ ಹೆಂಡತಿಯಾಗಿ ಪುಣೆಗೆ ಬಂದದ್ದು.

ಗೂಳಪ್ಪ ಮಾರ್ಕೆಟ್ ಯಾರ್ಡಿನ ಒಂದು ಅಡತಿ ಅಂಗಡಿಯಲ್ಲಿ ದಿವಾಣಜಿ. ಇಂಡಿಯ ಕಡೆಯಿಂದ ನಿಂಬೆಹಣ್ಣಿನ ಚೀಲಗಳು ಬಂದು ಬೀಳುತ್ತಿದ್ದವು. ಯಾರಿಗೆ ಎಷ್ಟು ಹೋಯಿತು, ಯಾರ ಉದ್ರಿ ಎಷ್ಟು ನಿಂತಿತು ಎಂದು ಬರೆಯುವುದು ಅವನ ಕೆಲಸ. ಮನೆ ಧನಕವಡಿಯಲ್ಲಿ, ಒಂದು ಚಾಳಿನ ಎರಡು ಖೋಲಿ. ಬಂದ ಹೊಸತರಲ್ಲಿ ಚನ್ನಬಸವ್ವನಿಗೆ ಮರಾಠಿಯ ಒಂದು ಅಕ್ಷರ ಬರುತ್ತಿರಲಿಲ್ಲ. ನಳದ ಸಾಲಿನಲ್ಲಿ ಯಾರೋ ಏನೋ ಅಂದರೆ ನಗುತ್ತ ನಿಲ್ಲುತ್ತಿದ್ದಳು. ಬೈದರೋ ಮಾತಾಡಿಸಿದರೋ ತಿಳಿಯದು. ಆಗ ಅವಳ ಕೈ ಹಿಡಿದವಳು ಪಕ್ಕದ ಖೋಲಿಯ ರಂಗೂಬಾಯಿ. ಅಕ್ಕಲಕೋಟೆಯ ಹೆಣ್ಣುಮಗಳು, ಎರಡೂ ಭಾಷೆಯನ್ನು ಒಂದೇ ಉಸಿರಿನಲ್ಲಿ ಆಡುವವಳು.

ಆ ಚಾಳಿನ ಹೆಂಗಸರು ಒಂದು ಭಿಶಿ ನಡೆಸುತ್ತಿದ್ದರು. ತಿಂಗಳಿಗೊಮ್ಮೆ ಎಲ್ಲರೂ ಒಂದಿಷ್ಟು ಹಣ ಹಾಕುವುದು, ಕೂಡಿದ ಗಂಟನ್ನು ಪ್ರತಿ ತಿಂಗಳೂ ಒಬ್ಬಳು ಎತ್ತುವುದು. ಬೇರೆ ಕಡೆ ಚೀಟಿ ಹಾರಿಸುತ್ತಾರೆ. ಇಲ್ಲಿ ಹಾಗಲ್ಲ. ದಸರೆಯಾದ ಮೇಲೆ ಹೊಸ ಭಿಶಿ ಕೂಡಿದಾಗ, ಯಾರಿಗೆ ಅವಸರವೋ ಅವಳು ಎದ್ದು, ಎಲ್ಲರೆದುರು ಕಾರಣ ಹೇಳಿ, ಮೊದಲ ಸರದಿ ಬೇಡಬೇಕು. ಹೊಸಬಳಾದರೆ ಅವಳ ಪರವಾಗಿ ಹಳಬಳೊಬ್ಬಳು ನಿಲ್ಲಬೇಕು, ಮತ್ತು ಅವಳ ಸರದಿ ಕಟ್ಟಕಡೆಗೆ. ಚನ್ನಬಸವ್ವನ ಪರವಾಗಿ ರಂಗೂಬಾಯಿ ನಿಂತಿದ್ದಳು. ಆ ವರ್ಷ ಅವಳು ಕೊನೆಯವಳಾದಳು. ಮುಂದೆ ಹಳಬಳಾದ ಮೇಲೂ ಕೊನೆಯ ಸರದಿಯನ್ನೇ ಇಟ್ಟುಕೊಂಡಳು. ಮೊದಲು ಬೇಡುವವರು ಇಲ್ಲದವರು, ಕೊನೆಯ ತನಕ ಕಾಯುವವರು ಇದ್ದವರು ಎಂದು ಚಾಳಿನಲ್ಲಿ ಒಂದು ಲೆಕ್ಕ. ಎರಡು ಖೋಲಿಯ ಬಡತನದಲ್ಲಿ ಅದೊಂದೇ ಅವಳ ದೊಡ್ಡಸ್ತಿಕೆ. ಮಳೆಗಾಲದಲ್ಲಿ ಗೋಡೆ ಸೋರಿದಾಗಲೂ, ಗೂಳಪ್ಪನಿಗೆ ಕಾಮಾಲೆ ಆದಾಗಲೂ, ಅವಳು ಎದ್ದು ನಿಂತು ಬೇಡಿರಲಿಲ್ಲ.

ಇನ್ನು ಮಗಳ ಮಾತು. ಇದರಲ್ಲಿ ಅರ್ಧ ಚನ್ನಬಸವ್ವನಿಗೆ ಆಮೇಲೆ ತಿಳಿದದ್ದು; ಕೇಳುವವರಿಗೆ ಮೊದಲೇ ತಿಳಿದಿರಲಿ.

ಶೈಲಶ್ರೀಗೆ ಆಗ ಇಪ್ಪತ್ನಾಲ್ಕು. ಬಿ.ಎಸ್ಸಿ. ಮುಗಿಸಿ, ಆಸ್ಪತ್ರೆಗಳಿಗೆ ರಕ್ತ ಪರೀಕ್ಷೆಯ ಯಂತ್ರ ಮಾರುವ ಕಂಪನಿಯೊಂದರಲ್ಲಿ ಕೆಲಸಕ್ಕಿದ್ದಳು. ಯಂತ್ರ ಕೊಂಡವರಿಗೆ ಅದನ್ನು ನಡೆಸುವುದು ಹೇಗೆಂದು ಕಲಿಸಿಕೊಡುವ ಕೆಲಸ. ನೌಕರಿ ಕಾಯಂ ಅಲ್ಲ, ವರ್ಷ ವರ್ಷದ ಕರಾರು. ಎರಡು ಸಾವಿರದ ನಾಲ್ಕನೆಯ ಇಸವಿಯ ಗಣಪತಿ ಹಬ್ಬ ಮುಗಿದ ವಾರ ಅವಳ ಮೇಲಿನವರಾದ ಶರ್ವರಿ ಮೇಡಂ ಕರೆದು ಹೇಳಿದರು: ಬೆಳಗಾವಿ, ಹುಬ್ಬಳ್ಳಿ, ವಿಜಾಪುರದ ಕಡೆ ಯಂತ್ರಗಳು ಹೋಗಲಿವೆ, ಕನ್ನಡ ಬರುವವರು ಬೇಕು, ಆ ಜಾಗ ನಿನಗೆ, ಕಾಯಂ. ಆದರೆ ಒಂದು ಮಾತು. ತಿರುಗಾಟದವರು ಹೋಟೆಲಿನ ಬಿಲ್ಲನ್ನು ತಮ್ಮ ಸ್ವಂತ ಕ್ರೆಡಿಟ್ ಕಾರ್ಡಿನಿಂದ ಕೊಡಬೇಕು, ತಿಂಗಳಾದ ಮೇಲೆ ಕಂಪನಿ ತುಂಬಿಕೊಡುತ್ತದೆ. ದೀಪಾವಳಿಯೊಳಗೆ ಕಾರ್ಡು ತೋರಿಸು. ಇಲ್ಲವಾದರೆ ನಿನ್ನ ಜೊತೆ ಕೆಲಸ ಮಾಡುವ ಅವಧೂತ ಇದ್ದಾನೆ, ಅವನ ಹತ್ತಿರ ಕಾರ್ಡು ಇದೆ, ಕನ್ನಡ ಕಲಿತುಕೊಳ್ಳುತ್ತಾನೆ.

ಶೈಲಶ್ರೀ ಅರ್ಜಿ ಹಾಕಿದಳು, ಮನೆಯಲ್ಲಿ ಹೇಳಲಿಲ್ಲ. ಸಾಲ ಎಂಬ ಶಬ್ದ ಕೇಳಿದರೆ ಅಪ್ಪನ ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಕಾರ್ಡು ಕೈಗೆ ಬಂದ ಮೇಲೆ ಹೇಳಿದರಾಯಿತು ಎಂದುಕೊಂಡಳು.

ಅದೇ ದಿನಗಳಲ್ಲಿ ಫಕೀರಪ್ಪನೂ ಬಂದುಹೋದ. ಅವನು ಗೂಳಪ್ಪನ ಊರಿನವನು; ಪುಣೆಯ ಕನ್ನಡದ ಮನೆಗಳ ಗಂಡು ಹೆಣ್ಣು ಕೂಡಿಸುವ ಚಟ ಅವನಿಗೆ. "ಪುಣೆ ಆ ಕಡಿ ನಿಗಡ್ಯಾಗ ಒಂದ್ ಚಲೋ ಮನಿ ಅದ ಅಕ್ಕಾರ. ಹುಡುಗ ಕಾರ್ಖಾನ್ಯಾಗ ಸೂಪರ್‌ವೈಜರ್. ಮಂದಿ ಮಾತ್ರ ಭಾಳ ಬರೋಬ್ಬರಿ. ಹೇಳಿ ಬರೂದಿಲ್ಲ ಅವ್ರು. ಮೊದಲ ಯಾರ್ನರೆ ಕಳಿಸಿ ನೋಡ್ತಾರ" ಎಂದ.

"ಬರ್ಲಿ ಬಿಡ್ರಿ, ನಾನೂ ಇಂಡಿ ಕಡೀದಾಕಿ" ಎಂದಳು ಚನ್ನಬಸವ್ವ. ಫಕೀರಪ್ಪ ಹೋದ ಮೇಲೆ ರಂಗೂಬಾಯಿಯನ್ನು ಕರೆದು ಕೂಡಿಸಿ, ಯಾರಾದರೂ ಕೇಳಿದರೆ ಏನು ಹೇಳಬೇಕೆಂಬುದನ್ನು ಪಾಠ ಮಾಡಿಸಿದಳು. ವಯಸ್ಸು ಇಪ್ಪತ್ತೆರಡು. ಅದು ಸುಳ್ಳೆಂದು ಯಾರೂ ಎಣಿಸುವುದಿಲ್ಲ. ಹೆಣ್ಣಿನ ತಾಯಿ ಎರಡು ವರ್ಷ ಇಳಿಸುತ್ತಾಳೆ, ಗಂಡಿನವರು ಎರಡು ವರ್ಷ ಏರಿಸಿ ಕೇಳಿಸಿಕೊಳ್ಳುತ್ತಾರೆ, ಲೆಕ್ಕ ಸರಿಯಾಗುತ್ತದೆ.

ನಾಲ್ಕೈದು ದಿನ ಕಳೆದಿರಬೇಕು. ಮಧ್ಯಾಹ್ನ ಒಬ್ಬ ತರುಣ ಬಂದ. ಹೆಗಲಿಗೆ ಚೀಲ, ಕೈಯಲ್ಲಿ ಕಾಗದ, ಬೆವರಿಗೆ ಅಂಟಿದ ಅಂಗಿ. ಮರಾಠಿಯಲ್ಲಿ ಕೇಳಿದ: "ಶೈಲಶ್ರೀ ಬಿರಾದಾರ ಇಲ್ಲಿಯೇ ಇರ್ತಾರಾ ಮಾವಶಿ? ಬ್ಯಾಂಕಿನಿಂದ ಬಂದಿದ್ದೇನೆ. ಕಾರ್ಡಿನ ಸಲುವಾಗಿ ನಾಲ್ಕು ಮಾತು ಕೇಳಬೇಕಿತ್ತು."

ಚನ್ನಬಸವ್ವ ಒಳಗೊಳಗೇ ನಕ್ಕಳು. ಎತ್ತು ಹೋಯಿತು, ನಿಂಬೆಯ ಸಸಿ ಹೋಯಿತು, ಪುಣೆಯವರಿಗೆ ಈಗ ಕಾರ್ಡು! ಇಷ್ಟು ಬಿಸಿಲಲ್ಲಿ ನಿಗಡಿಯಿಂದ ಬಂದಿದ್ದಾನೆ, ಪಾಪ. "ಬರ್ರಿ, ಒಳಗ ಬರ್ರಿ" ಎಂದು ಫ್ಯಾನು ಹಾಕಿ, ಶೇಂಗಾ ಹೋಳಿಗೆಯ ಮೇಲೆ ತುಪ್ಪ ಸುರಿದು ತಂದಿಟ್ಟಳು. ಅವಳ ಮರಾಠಿ ಈಗ ಇಂಡಿಯ ಎಳೆತದಲ್ಲೇ ಆದರೂ ತಡೆಯಿಲ್ಲದೆ ಓಡುತ್ತಿತ್ತು. "ತಿನ್ರಿ. ನಮ್ ಹುಡುಗೀನ ಮಾಡ್ಯಾಳ."

ಆ ಹುಡುಗಿಗೆ ಹೋಳಿಗೆಯ ಹಿಟ್ಟು ಯಾವ ಡಬ್ಬಿಯಲ್ಲಿದೆಯೆಂದೂ ಗೊತ್ತಿರಲಿಲ್ಲ. ತರುಣ ಹಸಿದಿದ್ದ, ತಿಂದ. ತಿನ್ನುತ್ತಲೇ ಕೇಳಿದ.

"ಮನೆ ಸ್ವಂತದ್ದೋ ಬಾಡಿಗೆಯದೋ?"

"ನಮ್ಮದ ಅನ್ಕೋರಿ. ಮಗಳು ಇಲ್ಲೇ ಆಡಿ ಬೆಳದಾಳ."

"ಅವರ ವಯಸ್ಸು?"

"ಇಪ್ಪತ್ತೆರಡು. ಮೊನ್ನಿ ಮೊನ್ನಿ ತುಂಬ್ಯಾವ."

ತರುಣ ಕಾಗದ ನೋಡಿದ, ಅವಳನ್ನು ನೋಡಿದ, ಏನೋ ಬರೆದುಕೊಂಡ. "ಕಂಪನಿಯ ಕೆಲಸ ಎಷ್ಟು ವರ್ಷದಿಂದ?"

"ಆ ನೌಕರೀದೇನ್ರಿ! ವ್ಯಾಳ್ಯಾ ಹೋಗ್ಲಿ ಅಂತ ಹೋಗ್ತಾಳ. ಅವಳ ಪಗಾರದ ಮ್ಯಾಲ ನಮ್ ಮನಿ ನಿಂತಿಲ್ಲ. ನಾಳಿ ಬಿಡು ಅಂದ್ರ ನಾಳೀನ ಬಿಡ್ತಾಳ."

"ಬಿಡ್ತಾರಾ?" ಅವನ ಪೆನ್ನು ನಿಂತಿತು.

"ಒಂದ ಮಾತಿಗೆ! ಹಟಾ ಮಾಡೂ ಹುಡುಗಿ ಅಲ್ರಿ."

"ಊರೂರು ತಿರುಗುವ ಕೆಲಸ ಬರುತ್ತದೆ ಎಂದು ಬರೆದಿದ್ದಾರಲ್ಲ?"

"ಶಿವಶಿವಾ! ಅಂಥಾಕಿ ಅಲ್ಲ ನಮ್ಮಾಕಿ. ಮುಂಜಾನೆ ಹೋಗಿ ಸಂಜೀಕ ಮನ್ಯಾಗ."

"ಸಾಲಗೀಲ ಏನಾದರೂ? ಬ್ಯಾಂಕಿನದು, ಸೊಸೈಟಿಯದು?"

ಇಲ್ಲಿ ಚನ್ನಬಸವ್ವ ಸೆರಗು ಸರಿಮಾಡಿಕೊಂಡು ಕೂತಳು. ಇದು ಅವಳ ಮಾತು. "ತಮ್ಮಾ, ಈ ಮನ್ಯಾಗ ಯಾರೂ ಯಾರ ಹತ್ರಾನೂ ಒಂದ್ ರೂಪಾಯಿ ಸಾಲ ಮಾಡಿಲ್ಲ. ನಾನೂ ಮಾಡಿಲ್ಲ, ನಮ್ಮವ್ರೂ ಮಾಡಿಲ್ಲ, ಮಗಳಂತೂ ಇಲ್ಲೇ ಇಲ್ಲ. ಬೇಕಾದ್ರ ಬಾಜೂ ಮನ್ಯಾಗ ಕೇಳ್ರಿ."

ಅವನು ಕೇಳಿದ. ರಂಗೂಬಾಯಿ ಬಾಗಿಲಲ್ಲೇ ಕಾದಿದ್ದಳು. ಪಾಠ ಒಪ್ಪಿಸಿ, ಇಪ್ಪತ್ತೆರಡರ ಮೇಲೆ ಮರಾಠಿಯಲ್ಲಿ ತನ್ನದೊಂದು ಹಿಡಿ ಸೇರಿಸಿದಳು: "ಬಾವೀಸ್? ಬಾವೀಸೂ ತುಂಬಿಲ್ಲ ಹುಡುಗಿಗೆ!"

ಸಂಜೆ ಮಗಳು ಚಪ್ಪಲಿ ಬಿಡುವುದಕ್ಕೂ ಬಿಡದೆ ಚನ್ನಬಸವ್ವ ಸುದ್ದಿ ಹೇಳಿದಳು. "ನಿಗಡಿಯವ್ರು ಮಂದೀನ್ನ ಕಳಿಸಿದ್ರು ನೋಡ. ಏನ ಶ್ಯಾಣ್ಯಾರವ್ವಾ! ಬ್ಯಾಂಕಿನಾಂವ ಅಂತ, ಕಾರ್ಡ ಕೊಡ್ತಾನಂತ!"

ಶೈಲಶ್ರೀ ಒಂದು ಕಾಲಲ್ಲಿ ಚಪ್ಪಲಿ ಇಟ್ಟುಕೊಂಡೇ ನಿಂತಳು. "ಏನ್ ಕೇಳ್ದ ಅವ್ವಾ?"

"ಎಲ್ಲಾ ಕೇಳ್ದ. ನಾನೂ ಎಲ್ಲಾ ಬರೋಬ್ಬರಿ ಹೇಳ್ದೆ. ಇಪ್ಪತ್ತೆರಡಂದೆ, ನೌಕರಿ ಬಿಡ್ತಾಳಂದೆ..."

"ಅವ್ವಾ." ಹುಡುಗಿ ಹೊಸ್ತಿಲ ಮೇಲೆ ಕುಳಿತಳು. "ಅಂವ ಖರೇನ ಬ್ಯಾಂಕಿನಾಂವ."

ಆಮೇಲೆ ಒಂದೊಂದಾಗಿ ಹೊರಬಿತ್ತು. ಕಾಯಂ ನೌಕರಿ, ದೀಪಾವಳಿಯ ಗಡುವು, ಅವಧೂತ, ಎಲ್ಲ. ಚನ್ನಬಸವ್ವ ಮೊದಲು ನಂಬಲಿಲ್ಲ. ನಂಬಿದ ಮೇಲೆ ಸಿಟ್ಟು ಮಾಡಿದಳು, ಸಿಟ್ಟಲ್ಲದೆ ಅವಳ ಹತ್ತಿರ ಬೇರೆ ಏನೂ ಇರಲಿಲ್ಲ. "ಮನ್ಯಾಗ ಹೇಳದ ಕದ್ದು ಅರ್ಜಿ ಹಾಕಿ, ಈಗ ನನ್ನ ಮ್ಯಾಲ ಬರ್ತೀಯೇನ? ನಾ ಕೆಟ್ಟ ಹೇಳೀನೇನ ನಿನ್ನ ಬಗ್ಗಿ? ಸಾಲಾನ ಮಾಡಿಲ್ಲಂತ ಹೇಳೀನಿ!"

"ಅದ ದೊಡ್ಡ ತಪ್ಪವ್ವಾ. ಅವ್ರಿಗೆ ಸಾಲ ಮಾಡಿ ತೀರಿಸಿದವ್ರು ಬೇಕು. ಎಂದೂ ಮಾಡ್ಲಾರದವ್ರು ಹೆಂಗ ತೀರಿಸ್ತಾರೋ ಯಾರಿಗೆ ಗೊತ್ತು? ನನ್ನ ಹೆಸರ ಎಲ್ಲೂ ಇಲ್ಲ. ಮೊದಲ ನಾ ಅವ್ರಿಗೆ ಗುರ್ತಿಲ್ಲದಾಕಿ. ಅದರಾಗ ನಾ ಬರದ ವಯಸ್ಸು ಒಂದು, ನೀ ಹೇಳಿದ್ದೊಂದು. ನಾ ಬರದದ್ದು ಬಾಡಿಗಿ ಮನಿ, ನೀ ಹೇಳಿದ್ದು ಸ್ವಂತದ್ದು. ನಾನ ಸುಳ್ಳಿ ಆದೆ."

ಸಾಲ ಮಾಡದವರನ್ನು ನಂಬುವುದಿಲ್ಲವಂತೆ. ಇದ್ಯಾವ ಧರ್ಮ ಎಂದು ಕೇಳಹೊರಟ ಚನ್ನಬಸವ್ವನಿಗೆ ಭಿಶಿಯ ಮೊದಲ ವರ್ಷ ನೆನಪಾಯಿತು. ಭಾಷೆ ಬರದ ಹೊಸ ಹೆಣ್ಣನ್ನು ಯಾರೂ ಕೆಟ್ಟವಳೆಂದಿರಲಿಲ್ಲ. ಗೊತ್ತಿಲ್ಲದವಳೆಂದು ಕೊನೆಗೆ ಕೂಡಿಸಿದ್ದರು. ಆಗ ಅವಳ ಪರವಾಗಿ ಒಬ್ಬಳು ನಿಂತಿದ್ದಳು. ಮಗಳ ಪರವಾಗಿ ನಿಲ್ಲಬೇಕಾದ ಕಡೆ ತಾನೇ ಎದುರು ಸಾಕ್ಷಿ ಹೇಳಿದ್ದಳು.

ದಸರೆಯ ಹಿಂದಿನ ದಿನ ಬ್ಯಾಂಕಿನ ಲಕೋಟೆ ಬಂತು. ನಿಮ್ಮ ಅರ್ಜಿಯನ್ನು ಒಪ್ಪಲು ವಿಷಾದಪೂರ್ವಕವಾಗಿ ಸಾಧ್ಯವಾಗಿಲ್ಲ ಎಂದಿಷ್ಟೇ. ಕಾರಣ ಇಲ್ಲ. ಶೈಲಶ್ರೀ ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡು ಕೆಲಸಕ್ಕೆ ಹೋದಳು. ಅಳಲಿಲ್ಲ, ಜಗಳ ತೆಗೆಯಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಮೊದಲು ಆಫೀಸಿನಿಂದ ಬಂದೊಡನೆ ಯಾವ ಡಾಕ್ಟರು ಏನಂದ, ಯಾವ ಯಂತ್ರ ಎಲ್ಲಿ ಕೆಟ್ಟಿತು ಎಂದು ಅಡುಗೆಮನೆಯ ಬಾಗಿಲಿಗೆ ಒರಗಿ ಒದರುತ್ತಿದ್ದವಳು, ಈಗ "ಉಂಡೆ", "ಹೂಂ", "ಸಾಕು" ಎಂಬ ಮೂರು ಶಬ್ದದಲ್ಲಿ ದಿನ ಮುಗಿಸತೊಡಗಿದಳು. ದಸರೆಯ ಬನ್ನಿ ಕೊಟ್ಟು ಕಾಲು ಮುಟ್ಟಿದಾಗಲೂ ತಾಯಿಯ ಮುಖ ನೋಡಲಿಲ್ಲ. ಬೈದಿದ್ದರೆ ಚನ್ನಬಸವ್ವನಿಗೆ ಎಷ್ಟೋ ಹಗುರಾಗುತ್ತಿತ್ತು. ರೊಟ್ಟಿ ಬಡಿಯುತ್ತ ಕೂತವಳ ಕೈ ನಡುವೆಯೇ ನಿಂತು, ಹಂಚಿನ ಮೇಲಿನದು ಸೀದು ಹೋಗುತ್ತಿತ್ತು.

ಕೊನೆಗೆ ತಾಯಿಯೇ ಕೇಳಿದಳು. "ಬ್ಯಾರೆ ಹಾದೀನ ಇಲ್ಲೇನ?"

"ಅದ. ಇನ್ನೊಂದ್ ಬ್ಯಾಂಕಿನ್ಯಾಗ ಕೇಳಿ ಬಂದೀನಿ. ಇಪ್ಪತ್ತ ಸಾವಿರ ಠೇವಣಿ ಇಟ್ರ, ಅದರ ಮ್ಯಾಲ ಕಾರ್ಡ ಕೊಡ್ತಾರ. ನಾ ತುಂಬ್ಲಿಲ್ಲಂದ್ರ ಠೇವಣಿ ಮುರ್ಕೋತಾರ. ನನ್ನ ಪಗಾರೆಲ್ಲಾ ಅಪ್ಪನ ಕಡೆ ಕೊಟ್ಟೀನಿ. ಅದು ಬಂಗಾರ ಆಗಿ ಟ್ರಂಕಿನ್ಯಾಗ ಕುಂತದ."

ಬಂಗಾರ ಮದುವೆಯದು. ಚನ್ನಬಸವ್ವ ಗಂಡನಿಗೆ ಊಟ ಬಡಿಸುವಾಗ ಮೆಲ್ಲಗೆ ಎತ್ತಿದಳು. ಎಲ್ಲವನ್ನೂ ಹೇಳಿದಳು, ತನ್ನ ತಪ್ಪನ್ನೂ. ಗೂಳಪ್ಪ ಕೆಟ್ಟ ಮನುಷ್ಯನಲ್ಲ. ತುತ್ತು ಕೆಳಗಿಟ್ಟ.

"ಇಡೀ ದಿನ ಉದ್ರಿ ತಗೊಂಡವ್ರ ಮಾರಿ ನೋಡ್ತೀನಿ ನಾ. ಒಯ್ಯೂವಾಗ ಹೆಂಗಿರ್ತಾರ, ಕೇಳೂವಾಗ ಹೆಂಗಾಗ್ತಾರ. ಅಂಗಡಿ ಮುಂದ ಹಾಯೂದು ಬಿಟ್ಟು ಹಿಂದಿನ ಗಲ್ಲಿ ಹಿಡೀತಾರ. ನನ್ನ ಮಗಳು ಆ ಮಂದಿ ಸಾಲಿನ್ಯಾಗ ನಿಂದ್ರೂದ ಬ್ಯಾಡ."

"ಹೋಟೆಲ್ ಬಿಲ್ಲ ಕೊಡಾಕ ಅಷ್ಟರೀ. ಕಂಪನಿ ತಿರಗಿ ಕೊಡ್ತದ."

"ಕೊಡ್ಲಿಲ್ಲಂದ್ರ? ಮತ್ತ ಹೋಟೆಲಿನ್ಯಾಗ ಒಬ್ಬಾಕೀನ ಇರ್ತಾಳಂದ್ರ ನಿಗಡಿಯವ್ರು ಏನಂತಾರ?"

ಅಲ್ಲಿಗೆ ಟ್ರಂಕಿನ ಮಾತು ಮುಗಿಯಿತು.

ಹೊಸ ಭಿಶಿ ಕೂಡಿದ್ದು ಆ ವಾರವೇ, ರಂಗೂಬಾಯಿಯ ಖೋಲಿಯಲ್ಲಿ. ಚಹಾ ಬಂತು, ಚಿವಡಾ ಬಂತು, ಒಬ್ಬಳ ಸೊಸೆಯ ಸುದ್ದಿ ಹೋಗಿ ಇನ್ನೊಬ್ಬಳ ಸೊಸೆಯ ಸುದ್ದಿ ಬಂತು. ಈ ಸಲದ ಮೊದಲ ಸರದಿ ಯಾರದೆಂದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಮೂಲೆಯ ಖೋಲಿಯ ಯಮನವ್ವನ ಗಂಡನ ರಿಕ್ಷಾ ಎಂಜಿನ್ನು ಕೂತು ಹೋಗಿತ್ತು. ರಂಗೂಬಾಯಿ ರೂಢಿಯಂತೆ ಕೇಳಿದಳು: "ಯಾರಿಗೆ ಅವಸರ? ಹೇಳ್ರೆವ್ವಾ." ಯಮನವ್ವ ಲೋಟ ಕೆಳಗಿಟ್ಟಳು. ಅಷ್ಟರಲ್ಲಿ ಚನ್ನಬಸವ್ವ ಎದ್ದು ನಿಂತಿದ್ದಳು.

"ನಂಗ ಬೇಕು."

ಚಿವಡಾದ ತಾಟಿನಲ್ಲಿದ್ದ ಕೈಗಳು ಹಾಗೆಯೇ ನಿಂತವು. "ಅಗ ಬಾಯಿ! ನೀನಾ ಚನ್ನಾ?" ಎಂದಳು ರಂಗೂಬಾಯಿ. ಆಮೇಲೆ ದನಿ ಇಳಿಸಿ, "ಕಾರಣ ಹೇಳಬೇಕಲ್ಲ" ಎಂದಳು. ಅವಳ ಕಣ್ಣು ಮಾತ್ರ ಬೇರೆಯೇ ಹೇಳುತ್ತಿತ್ತು: ಮಗಳ ಮದುವೆ ಅನ್ನು, ಮುಗಿದುಹೋಗಲಿ.

ಆ ಮಾತು ಚನ್ನಬಸವ್ವನ ನಾಲಿಗೆಯ ತುದಿಯಲ್ಲೇ ಇತ್ತು. ಮದುವೆ ಎಂದರೆ ಯಾರೂ ಎರಡನೆಯ ಮಾತು ಕೇಳುತ್ತಿರಲಿಲ್ಲ. ಅವಳು ಅದನ್ನು ನುಂಗಿದಳು.

"ಮಗಳ ನೌಕರಿ ನನ್ನ ಬಾಯಿಂದ ಕೆಟ್ಟದ. ಬ್ಯಾಂಕಿನಾಂವಗ ನಿಗಡಿಯಾಂವ ಅಂತ ತಿಳದು ಇಲ್ಲದ್ದೆಲ್ಲಾ ಹೇಳ್ದೆ. ಅಕೀಗೆ ಕ್ರೆಡಿಟ್ ಕಾರ್ಡ್ ಸಿಗಬೇಕಂದ್ರ ಠೇವಣಿ ಇಡಬೇಕು. ಅದಕ್ಕ ಬೇಕು."

ಒಬ್ಬಳು ಕಿಸಕ್ಕನೆ ನಕ್ಕಳು. "ಅಂದ್ರ ಸಾಲದ ಕಾರ್ಡ್ ತಗೊಳ್ಳಾಕ ನಮ್ಮ ಹತ್ರ ಸಾಲ! ಕೊನೀಗೆ ಕೂಡೂ ಸಾಹುಕಾರ್ತಿಗೆ ಏನ್ ಬಂತವ್ವಾ ಇದು!"

ಚನ್ನಬಸವ್ವ ನಿಂತೇ ಇದ್ದಳು. ಕೂರಬೇಕೋ ಹೋಗಬೇಕೋ ತಿಳಿಯಲಿಲ್ಲ. ಯಮನವ್ವ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಇದ್ದವಳು ಹೇಳಿದಳು: "ತಗೋಳ್ಲಿ ಬಿಡ್ರಿ. ಇಷ್ಟ್ ವರ್ಷ ಎಲ್ಲಾರ ಹಿಂದ ಕುಂತಾಳ. ನಾ ಬರೂ ತಿಂಗಳ ತಗೋತೀನಿ. ಒಂದ್ ತಿಂಗಳ ನಮ್ಮವ್ರು ಬಾಡಿಗಿ ರಿಕ್ಷಾ ಹೊಡೀತಾರ." ಹೇಳುವಾಗ ತಲೆ ಎತ್ತಲಿಲ್ಲ. ಆ ತಲೆ ಎತ್ತದ ಮುಖ ಚನ್ನಬಸವ್ವನಿಗೆ ನಕ್ಕವಳ ನಗೆಗಿಂತ ಹೆಚ್ಚು ಚುಚ್ಚಿತು. ಗಂಟು ಸೆರಗಿನಲ್ಲಿ ಕಟ್ಟಿಕೊಂಡು ಬಂದದ್ದು ನಾಲ್ಕು ಹೆಜ್ಜೆಯ ದಾರಿ. ಆ ದಾರಿಯೇ ಸಾಗಲಿಲ್ಲ.

ಶೈಲಶ್ರೀ ಹಣ ನೋಡಿ, ತಾಯಿಯನ್ನು ನೋಡಿದಳು. "ಮೊದಲನೇ ಸರದಿ ತಗೊಂಡ್ಯಾ? ನೀ?"

"ಹೂಂ."

"ಅಪ್ಪಗ ಗೊತ್ತದೇನು?"

"ಗೊತ್ತಾಗ್ತದ. ಚಾಳಿನ್ಯಾಗ ಇರ್ತೀವಿ ನಾವು, ಅಡವ್ಯಾಗಲ್ಲ."

ಸ್ವಲ್ಪ ಕಡಿಮೆ ಬಿದ್ದದ್ದನ್ನು ಶೈಲಶ್ರೀ ಆ ತಿಂಗಳ ಪಗಾರದಿಂದ ತುಂಬಿ, ಠೇವಣಿ ಇಟ್ಟು ಬಂದಳು. ಬ್ಯಾಂಕಿನವರು, ಕಾರ್ಡು ಬರಲು ದಿನ ಹಿಡಿಯುತ್ತದೆ, ಮನೆ ನೋಡಲು ಯಾರಾದರೂ ಬಂದರೂ ಬರಬಹುದು ಎಂದಿದ್ದರು. ಅದನ್ನು ಹೇಳುವಾಗ ಮಗಳು ತಾಯಿಯ ಭುಜ ಹಿಡಿದುಕೊಂಡಿದ್ದಳು. "ಅವ್ವಾ, ಕೈ ಮುಗಿತೀನಿ. ಖರೇ ಇದ್ದದ್ದಷ್ಟ ಹೇಳು."

ದೀಪಾವಳಿಗೆ ಸ್ವಲ್ಪ ಮೊದಲು, ಕರಂಜಿ ಎಂಬ ಕರ್ಚಿಕಾಯಿ ಕರಿಯುವ ದಿನ, ಮತ್ತೊಬ್ಬ ಬಂದ. ಈ ಸಲ ನಡುವಯಸ್ಸಿನವನು, ಇಸ್ತ್ರಿಯ ಅಂಗಿ, ಅಚ್ಚ ಮರಾಠಿ. "ಈ ಚಾಳಿನಲ್ಲಿ ಖೋಲಿ ಬಾಡಿಗೆಗೆ ಇದೆಯಂತಲ್ಲ?" ಎಂದ. ಚಾಳಿನಲ್ಲಿ ಖೋಲಿ ಖಾಲಿ ಇರಲಿಲ್ಲ. ನೀರು ಕೇಳಿದ. ಕುಳಿತ. ಮನೆಯಲ್ಲಿ ಎಷ್ಟು ಮಂದಿ ಎಂದ. ಮಗಳು ಏನು ಮಾಡುತ್ತಾಳೆ ಎಂದ.

ಚನ್ನಬಸವ್ವನ ಕೈಯಲ್ಲಿ ಎಣ್ಣೆ ಸೋಸುವ ಜಾರೆ ಹಾಗೆಯೇ ಉಳಿಯಿತು. ಇವನು ಯಾರು? ಹಳೆಯ ಲೆಕ್ಕದಲ್ಲಿ ಇವನು ನಿಗಡಿಯವನೇ. ಆದರೆ ಅವಳ ಹಳೆಯ ಲೆಕ್ಕ ಒಮ್ಮೆ ತಪ್ಪಿತ್ತು. ಕಾರ್ಡು ಎಂದವನು ಕಾರ್ಡಿನವನೇ ಆಗಿದ್ದ. ಖೋಲಿ ಎಂದವನು ಯಾರೂ ಆಗಿರಬಹುದು. ಬ್ಯಾಂಕಿನವರು ಈಗ ಗುಟ್ಟಾಗಿ ಕಳಿಸುವುದನ್ನು ಕಲಿತಿದ್ದರೆ? ಇಪ್ಪತ್ತೆರಡು ಎಂದರೆ ನೌಕರಿ ಹೋದೀತು. ಇಪ್ಪತ್ನಾಲ್ಕು ಎಂದರೆ ಗಂಡು ಹೋದೀತು. ಎಣ್ಣೆಯಲ್ಲಿ ಕರಂಜಿ ಕಂದುತ್ತಿತ್ತು. ಅವಳು ಅದನ್ನು ಎತ್ತಿ ಹಾಕಿ, ಒಲೆ ಸಣ್ಣ ಮಾಡಿ, ಹೊರಗೆ ಬಂದು ಎದುರಿಗೆ ಕುಳಿತಳು.

"ಮಗಳಿಗೆ ಇಪ್ಪತ್ನಾಲ್ಕು ಮುಗದಾವ್ರಿ. ಮನಿ ಬಾಡಿಗೀದು. ಅಕಿ ನೌಕರಿ ಮಾಡ್ತಾಳ, ಬಿಡೂದಿಲ್ಲ. ಇನ್ನ ಮ್ಯಾಲ ಊರೂರು ತಿರಗ್ತಾಳ, ಹೋಟೆಲಿನ್ಯಾಗ ಇರ್ತಾಳ. ಅಡಗಿ ಬರೂದಿಲ್ಲ. ಸಾಲ ಕೇಳ್ತೀರೇನು? ಅದೂ ಅದ. ಮೊನ್ನಿ ನಾನ ಭಿಶಿ ಮೊದಲನೇ ಸರದಿ ಎತ್ತೀನಿ."

ಸಾಲದ ಮಾತನ್ನು ಅವನು ಕೇಳಿಯೇ ಇರಲಿಲ್ಲ. ನೀರಿನ ಲೋಟವನ್ನು ಪೂರಾ ಕುಡಿಯದೆ ಇಟ್ಟು, ಕರಂಜಿಯನ್ನು ಬೇಡವೆಂದು ಎದ್ದ. ಹೋಗುತ್ತ ಪಕ್ಕದ ಬಾಗಿಲಲ್ಲಿ ನಿಂತು ಏನೋ ಕೇಳಿದ. ರಂಗೂಬಾಯಿಗೆ ಹೊಸ ಪಾಠ ಹೇಳಿಕೊಡುವುದು ಮರೆತಿತ್ತು. ಅವಳ ದನಿ ಗೋಡೆಯ ಈಚೆಗೂ ಕೇಳಿಸಿತು: "ಬಾವೀಸ್! ಬಾವೀಸೂ ತುಂಬಿಲ್ಲ!"

ಎಂಟು ದಿನದೊಳಗೆ ಫಕೀರಪ್ಪ ಬಂದ. ಗೂಳಪ್ಪನೂ ಮನೆಯಲ್ಲಿದ್ದ.

"ಏನ್ರಿ ಅಕ್ಕಾರ ಇದು? ಅವ್ರ ಮಾವನ್ನ ಕಳಿಸಿದ್ರಂತ. ನೀವು ಇಪ್ಪತ್ನಾಲ್ಕಂದ್ರಿ, ಬಾಜೂದವ್ರು ಇಪ್ಪತ್ತೆರಡೂ ಇಲ್ಲಂದ್ರು. ಯಾವ್ದ ಖರೇ ಅಂತ ಕೇಳಿ ಕಳಿಸ್ಯಾರ."

ಗೂಳಪ್ಪ ಹೆಂಡತಿಯನ್ನು ನೋಡಿದ. ಈಗಲೂ ಒಂದು ಮಾತಿನಲ್ಲಿ ಸರಿಮಾಡಬಹುದಿತ್ತು. ಬಾಯಿ ತಪ್ಪಿ ಬಂತು ಅಂದಿದ್ದರೆ ಸಾಕಿತ್ತು.

"ನಂದ ಖರೇ" ಎಂದಳು ಚನ್ನಬಸವ್ವ.

ಫಕೀರಪ್ಪ ಟೋಪಿ ಹಾಕಿಕೊಂಡು ಹೋದ. ನಿಗಡಿಯ ಸುದ್ದಿ ಅಲ್ಲಿಗೆ ನಿಂತಿತು. ಗೂಳಪ್ಪ ಬೈಯಲಿಲ್ಲ. ಭಿಶಿಯ ವಿಷಯವೂ ಅವನ ಕಿವಿಗೆ ಬಿದ್ದಾಗಿತ್ತು. ಅಂದಿನಿಂದ ಅವನೂ ಮಗಳ ಹಳೆಯ ಮೂರು ಶಬ್ದಗಳನ್ನು ಹಿಡಿದ: ಉಂಡೆ, ಹೂಂ, ಸಾಕು. ಮೂರು ಜನರ ಮನೆಯಲ್ಲಿ ಯಾರಾದರೊಬ್ಬರು ಮಾತು ಬಿಟ್ಟಿರಲೇಬೇಕೆಂದು ಯಾರೋ ಶಾಪ ಕೊಟ್ಟಂತಾಯಿತು.

ಕಾರ್ಡು ಬಂತು. ಬಂದದ್ದು ದೀಪಾವಳಿ ಕಳೆದ ಮೇಲೆ. ಈ ಸಲ ಬ್ಯಾಂಕಿನಿಂದ ಯಾರೂ ಕೇಳಲು ಬಂದಿರಲೇ ಇಲ್ಲ. ಕಾಯಂ ಜಾಗ ಅಷ್ಟರಲ್ಲಿ ಅವಧೂತನಿಗೆ ಹೋಗಿತ್ತು. ಶರ್ವರಿ ಮೇಡಂ ಶೈಲಶ್ರೀಯ ಕರಾರನ್ನು ಮಾರ್ಚಿನ ತನಕ ಮಾತ್ರ ಬೆಳೆಸಿ, "ಬೆಳಗಾವಿಗೆ ಒಮ್ಮೆ ಹೋಗಿ ಬಾ, ಆಮೇಲೆ ನೋಡೋಣ" ಎಂದಿದ್ದರು.

ಗೂಳಪ್ಪ ಆ ಕಾರ್ಡನ್ನು ಬೆರಳ ತುದಿಯಲ್ಲಿ ಹಿಡಿದು ತಿರುವಿ ನೋಡಿದ. ಬಹಳ ದಿನದ ಮೇಲೆ ಒಂದು ಪೂರ್ತಿ ಮಾತು ಆಡಿದ. "ಇದರಾಗ ಎಷ್ಟ ಅದ?"

"ಏನೂ ಇಲ್ಲಪ್ಪಾ. ಖಾಲಿನ. ಉಪಯೋಗ ಮಾಡಿ ಆಮ್ಯಾಲ ತುಂಬೂದು."

"ಖಾಲಿ ಇದ್ದದ್ದಕ್ಕ ಇಷ್ಟೆಲ್ಲಾ ಆತೇನು?" ಎಂದು ಅದನ್ನು ಟೀವಿಯ ಮೇಲಿಟ್ಟು ಮಾರ್ಕೆಟ್ಟಿಗೆ ಹೋದ.

ಬೆಳಗಾವಿಗೆ ಹೋದ ಮಗಳ ಫೋನು ಮರುದಿನ ಮಧ್ಯಾಹ್ನ ಬಂತು. ಚನ್ನಬಸವ್ವ ಬೆಳಗಿನಿಂದ ಫೋನಿನ ಎದುರೇ ಕಾಳು ಆರಿಸುತ್ತ ಕುಳಿತಿದ್ದಳು.

"ಮುಟ್ಟಿದ್ಯಾ? ಹೋಟೆಲ್ ಸಿಕ್ತೇನ? ಕಾರ್ಡ್ ತಗೊಂಡ್ರೇನ?"

"ತಗೊಂಡ್ರವ್ವಾ. ಮಿಶಿನ್ಯಾಗ ಎಳದ್ರು, ಚೀಟಿ ಬಂತು, ಸಹಿ ಮಾಡ್ದೆ, ಕೀಲಿ ಕೊಟ್ರು."

"ಏನ್ ಕೇಳಿದ್ರು?"

"ಏನೂ ಕೇಳ್ಲಿಲ್ಲ."

"ಹಂಗಂದ್ರ? ಯಾರ ಮಗಳು, ವಯಸ್ಸೆಷ್ಟು, ಒಬ್ಬಾಕೀನ ಯಾಕ ಬಂದಿ..."

"ಏನೂ ಕೇಳ್ಲಿಲ್ಲವ್ವಾ." ಮಗಳು ನಕ್ಕಳು. ಆ ನಗೆ ಕೇಳಿ ಬಹಳ ದಿನವಾಗಿತ್ತು. "ಹೆಸರ ಓದಿ, ಬಾಗಲಾ ತೋರ್ಸಿದ್ರು ಅಷ್ಟ."

ಫೋನು ಇಟ್ಟ ಮೇಲೂ ಚನ್ನಬಸವ್ವ ಅಲ್ಲಿಯೇ ಕುಳಿತಿದ್ದಳು. ಯಾರೂ ಏನೂ ಕೇಳದ ಒಂದು ಜಾಗಕ್ಕೆ ಮಗಳು ಹೋಗಿದ್ದಾಳೆ. ಅದು ಒಳ್ಳೆಯದೋ, ಭಯಪಡಬೇಕಾದದ್ದೋ, ಅವಳಿಗೆ ತೀರ್ಮಾನವಾಗಲಿಲ್ಲ.

ಅಂದು ಭಿಶಿಯ ದಿನ, ಯಮನವ್ವನ ಸರದಿ. ಚನ್ನಬಸವ್ವ ತನ್ನ ಪಾಲಿನ ಹಣವನ್ನು ಸೆರಗಿಗೆ ಕಟ್ಟಿಕೊಂಡು, ಎಲ್ಲರಿಗಿಂತ ಮೊದಲೇ ರಂಗೂಬಾಯಿಯ ಖೋಲಿಯ ಕಡೆ ನಡೆದಳು. ಅಲ್ಲಿ ಎಲ್ಲರೂ ಬರುತ್ತಾರೆ, ಎಲ್ಲವನ್ನೂ ಕೇಳುತ್ತಾರೆ. ಇದ್ದದ್ದನ್ನು ಇದ್ದಂತೆ ಹೇಳಬೇಕು.